ಬೆಳ್ಳಗಿರುವುದೆಲ್ಲ ಬೆಳ್ಳಕ್ಕಿಯಲ್ಲ

ಶ್ರೀರಂಗಪಟ್ಟಣದಿಂದ ಸುಮಾರು 3 ಕಿ.ಮೀ. ದೂರ. ಗದ್ದೆ ಬಯಲಿನ ನಡುವೆ ಸಾಗುವ ದಾರಿ ಕಾವೇರಿಯ ದಡಕ್ಕೆ ಬಂದು ನಿಲ್ಲುತ್ತದೆ. ದೋಣಿ ದಡ ಬಿಟ್ಟಿತೆಂದರೆ ಎದುರಿಗೆ ರಂಗನತಿಟ್ಟಿನ ನಡುಗಡ್ಡೆಗಳು. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ; ಮರಗಳ ತುಂಬ ಹತ್ತಿ ಅರಳಿದಂತೆ ಬಿಳಿ ಬಿಳಿ ಹಕ್ಕಿಗಳು.

17ನೆಯ ಶತಮಾನದಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಮೂಡಿದ ತಿಟ್ಟುಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನ 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೂ ಇದು ಸೇರಿತು.

‘ಅಗೋ, ಎಷ್ಟೊಂದು ಬೆಳ್ಳಕ್ಕಿ!’ ಎಂದು ದೋಣಿಯಲ್ಲಿದ್ದವರು ಕೈ ಚಾಚುವುದು ಸಾಮಾನ್ಯ. ಬಣ್ಣವನ್ನು ಮರೆತು ಕೊಕ್ಕು, ಕಾಲುಗಳನ್ನು ನೋಡಿದರೆ ಮಾತ್ರ ಆ ಗುಂಪು ಬೇರೆ ಬೇರೆ ಕುಲಗಳಾಗಿ ಬಿಡಿಸಿಕೊಳ್ಳುತ್ತದೆ. ಚಪ್ಪಟೆ ತುದಿಯ ಕೊಕ್ಕಿನದು ಚಮಚದ ಕೊಕ್ಕು. ಬೋಳು ಕಪ್ಪು ತಲೆ, ಕುಡುಗೋಲಿನಂತೆ ಬಾಗಿದ ಕೊಕ್ಕಿನದು ಬಿಳಿ ಕೆಂಬರಲು. ಕೊಕ್ಕಿನ ನಡುವೆ ಸಂದು ಬಿಟ್ಟುಕೊಂಡದ್ದು ಬಾಯ್ಕಳಕ. ಕಪ್ಪು ಕಾಲಿಗೆ ಹಳದಿ ಪಾದವಿದ್ದರೆ ಚಿಕ್ಕ ಬೆಳ್ಳಕ್ಕಿ. ದಡದಲ್ಲಿ ಮಣ್ಣಿನ ಬಣ್ಣಕ್ಕೆ ಬೆರೆತು ಕುಳಿತ ಕೊಳದ ಬಕವಂತೂ ಹಾರಿದೊಡನೆ ಬಿಳಿ ರೆಕ್ಕೆ ಬಿಚ್ಚಿ ನೋಡುವವರನ್ನು ಬೆಚ್ಚಿಬೀಳಿಸುತ್ತದೆ.

ಇವೆಲ್ಲ ಹುಟ್ಟುಗುಣದಿಂದ ಬಿಳಿ. ಆದರೆ ಅಪರೂಪಕ್ಕೆ ಒಂದು ಕಾಗೆಯೋ ಗೊರವಂಕವೋ ತನ್ನ ಕುಲದ ಬಣ್ಣ ಬಿಟ್ಟು ಬಿಳಿಯಾಗಿ ಕಾಣಿಸಿಕೊಳ್ಳುವುದುಂಟು. ಕೂಡಲೇ ‘ಹೊಸ ಹಕ್ಕಿ’ ಎಂಬ ಸುದ್ದಿ ಹಬ್ಬುತ್ತದೆ. ಸ್ವಲ್ಪ ತಿಳಿದವರು ‘ಆಲ್ಬಿನೊ’ ಎಂದು ತೀರ್ಪು ಕೊಡುತ್ತಾರೆ. ಎರಡೂ ಬಹುಪಾಲು ತಪ್ಪು.

ಗರಿಯ ಕಪ್ಪು, ಕಂದು ಬಣ್ಣಗಳಿಗೆ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಅದರ ತಯಾರಿಕೆಗೆ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಹುಟ್ಟಿನಿಂದಲೇ ಆ ಕಿಣ್ವ ಕೆಲಸ ಮಾಡದಿದ್ದರೆ ಗರಿ, ಚರ್ಮ, ಕಣ್ಣು ಎಲ್ಲೆಡೆಯೂ ಮೆಲನಿನ್ ಇಲ್ಲ. ಕಣ್ಣಿನೊಳಗಿನ ರಕ್ತನಾಳಗಳು ಹೊರಗೆ ತೋರಿ ಕಣ್ಣು ಕೆಂಪಗೆ ಹೊಳೆಯುತ್ತದೆ. ಇದು ಆಲ್ಬಿನಿಸಂ. ಇಂಥ ಹಕ್ಕಿಗೆ ಬಿಸಿಲು ಸಹಿಸದು, ದೃಷ್ಟಿಯೂ ಮಂದ. ಗೂಡು ಬಿಟ್ಟ ಮೇಲೆ ಹೆಚ್ಚು ದಿನ ಬದುಕುವುದೇ ಕಷ್ಟ. ಆದ್ದರಿಂದ ಬಯಲಿನಲ್ಲಿ ಬೆಳೆದು ನಿಂತ ಬಿಳಿ ಹಕ್ಕಿ ಕಂಡರೆ ಅದು ಆಲ್ಬಿನೊ ಆಗಿರುವ ಸಂಭವ ತೀರ ಕಡಿಮೆ.

ಮೆಲನಿನ್ ತಯಾರಿಸುವ ಜೀವಕೋಶಗಳೇ ಗರಿಯ ಬುಡ ತಲುಪದಿದ್ದರೆ ಅದು ಲ್ಯೂಸಿಸಂ. ಇಲ್ಲಿ ಕಣ್ಣಿಗೆ ಕುಂದಿಲ್ಲ. ಮೃಗಾಲಯಗಳಲ್ಲಿ ಜನ ಮುಗಿಬಿದ್ದು ನೋಡುವ ಬಿಳಿ ನವಿಲು ಈ ಬಗೆಯದು. ಅದರ ಕಣ್ಣು ಕೆಂಪಲ್ಲ. ರೆಕ್ಕೆಯಲ್ಲಿ ನಾಲ್ಕಾರು ಬಿಳಿ ಗರಿ ಇರುವ ಕಾಗೆಯ ಕಥೆ ಮತ್ತೂ ಬೇರೆ. ಆಹಾರದ ಕೊರತೆಯಿಂದಲೂ ಗರಿ ಬಿಳಿಚಿಕೊಳ್ಳಬಹುದು, ಸರಿಯಾಗಿ ಉಂಡರೆ ಮುಂದಿನ ಸಲ ಗರಿ ಉದುರಿ ಹುಟ್ಟುವಾಗ ಕಪ್ಪು ಮರಳಬಹುದು. ‘ಅರೆ ಆಲ್ಬಿನೊ’ ಎಂಬ ಮಾತಿಗಂತೂ ಅರ್ಥವಿಲ್ಲ. ಕಿಣ್ವದ ಕೊರತೆ ಇಡೀ ಮೈಗೆ ಸೇರಿದ್ದು, ಒಂದು ರೆಕ್ಕೆಗಲ್ಲ.

ಇನ್ನೊಂದು ಸುಳಿವಿದೆ. ಕೆಂಪು, ಹಳದಿ ಬಣ್ಣಗಳ ದ್ರವ್ಯವೇ ಬೇರೆ. ಹೀಗಾಗಿ ಮೈಯೆಲ್ಲ ಬಿಳಿಯಾದ ಪಿಕಳಾರದ ಬಾಲದ ಬುಡದಲ್ಲಿ ಕೆಂಪು ಹಾಗೆಯೇ ಉಳಿಯುತ್ತದೆ. ಮೆಲನಿನ್ ಕಳೆದುಕೊಂಡ ಹಸಿರು ಗಿಳಿ ಬಿಳಿಯಾಗುವುದಿಲ್ಲ, ಹಳದಿಯಾಗುತ್ತದೆ.

ಮೆಲನಿನ್ ಬರಿಯ ಬಣ್ಣವಲ್ಲ, ಗರಿಗೆ ಗಟ್ಟಿತನವನ್ನೂ ಕೊಡುತ್ತದೆ. ರಂಗನತಿಟ್ಟಿನ ಬಾಯ್ಕಳಕ ತಲೆಯ ಮೇಲೆ ಹಾರಿದಾಗ ಕತ್ತೆತ್ತಿ ನೋಡಬೇಕು. ಮೈ ಬಿಳಿಯಾದರೂ ಗಾಳಿಗೆ ಉಜ್ಜುವ ಹಾರುಗರಿಗಳು ಕಪ್ಪು. ಬಣ್ಣ ಕಳೆದುಕೊಂಡ ಹಕ್ಕಿಗೆ ಈ ಅನುಕೂಲವಿಲ್ಲ. ಅದರ ಗರಿ ಬೇಗ ಸವೆದು ಸಿಬಿರೇಳುತ್ತದೆ.

ಗಿಡುಗನ ಕಣ್ಣಿಗೂ ಅಂಥ ಹಕ್ಕಿ ಬೇಗ ಬೀಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಮನುಷ್ಯನ ಕುತೂಹಲ. ಸುದ್ದಿ ಹರಡಿ, ಗೂಡಿನ ಸುತ್ತ ಕ್ಯಾಮೆರಾ ಹಿಡಿದವರು ನೆರೆದರೆ ತಾಯಿಹಕ್ಕಿ ದೂರ ಸರಿಯುತ್ತದೆ. ಮರಿ ಬಿಸಿಲಿಗೆ ಬಾಡುತ್ತದೆ. ಅಪರೂಪದ್ದೆಂದು ಹಿಡಿದು ಪಂಜರಕ್ಕೆ ಹಾಕುವವರೂ ಇದ್ದಾರೆ. ಹಕ್ಕಿ ಕಂಡವರು ದೂರದಿಂದಲೇ ಕಣ್ಣು, ಕೊಕ್ಕು, ಕಾಲಿನ ಬಣ್ಣ, ಜತೆಗಿರುವ ಹಕ್ಕಿಗಳು, ಸ್ಥಳ, ದಿನಾಂಕ ಬರೆದಿಟ್ಟರೆ ಸಾಕು. ಬಣ್ಣ ಸುಳ್ಳು ಹೇಳಿದರೂ ಕೊಕ್ಕು, ಕೂಗು, ನಡಿಗೆ ಸುಳ್ಳು ಹೇಳುವುದಿಲ್ಲ. ಗೂಡಿನ ವಿಳಾಸವನ್ನು ಮಾತ್ರ ಸಾರಬಾರದು.

ರಂಗನತಿಟ್ಟಿಗೆ ಹೋಗುವವರಿಗೆ ಜನವರಿಯಿಂದ ಜೂನ್‌ವರೆಗೆ ಒಳ್ಳೆಯ ಕಾಲ, ಗೂಡುಗಳಲ್ಲಿ ಮರಿಗಳಿರುತ್ತವೆ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ವಿಹಾರ ನಿಲ್ಲುತ್ತದೆ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಸಾಲುಸಾಲಾಗಿ ಹಕ್ಕಿಗಳು ಮರಕ್ಕೆ ಮರಳುತ್ತವೆ. ಆ ಬಿಳುಪಿನಲ್ಲಿ ಬಣ್ಣಗೆಟ್ಟ ನೀರುಕಾಗೆಯೊಂದು ಬೆರೆತಿದ್ದರೂ ಯಾರಿಗೂ ಗೊತ್ತಾಗದಿರಬಹುದು. ಆ ಹಕ್ಕಿಗೆ ಕ್ಷೇಮವೂ ಅದೇ.