ಹಿತ್ತಿಲ ಕಾರ್ಯಾಗಾರಕ್ಕೆ ಎಂಥ ಜ್ವಾಲೆ?

ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯು ಇಂದು ವಸ್ತುಸಂಗ್ರಹಾಲಯವಾಗಿದೆ. ಕೆಲಸಕ್ಕೆ ಮೊದಲು ಲೆಕ್ಕ ಎಂಬ ಇಂಜಿನಿಯರರ ಶಿಸ್ತು ದೊಡ್ಡ ಅಣೆಕಟ್ಟಿಗೆ ಹೇಗೋ, ಮನೆಯ ಹಿತ್ತಿಲಿನ ಪುಟ್ಟ ಕಾರ್ಯಾಗಾರಕ್ಕೂ ಹಾಗೆಯೇ ಸಲ್ಲುತ್ತದೆ.

ಬ್ಲೋ ಟಾರ್ಚ್ ಕೊಳ್ಳಹೊರಟ ಗೃಹಸ್ಥನು ಮೊದಲು ವಿಚಾರಿಸುವುದು ಅದರ ಜ್ವಾಲೆ ಎಷ್ಟು ಬಿಸಿ ಎಂದು. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು. ಅಂಗೈಯಲ್ಲಿ ಹಿಡಿಯುವ ಬ್ಯುಟೇನ್ ಟಾರ್ಚಿನ ಜ್ವಾಲೆಯೂ ಸಾವಿರ ಡಿಗ್ರಿಯನ್ನು ಮೀರುತ್ತದೆ. ಆದರೂ ಅದರಿಂದ ಹಿತ್ತಾಳೆಯ ದೊಡ್ಡ ಪಾತ್ರೆಗೆ ಕಲಾಯಿ ಹಾಕಲಾಗದು. ಒಂದೆಡೆ ಕೊಟ್ಟ ಶಾಖವನ್ನು ಲೋಹವು ಮೈಯೆಲ್ಲ ಹಂಚಿಕೊಂಡುಬಿಡುತ್ತದೆ. ತಾಪವೇ ಬೇರೆ, ಶಾಖದ ಮೊತ್ತವೇ ಬೇರೆ. ತೆಳುವಾದ ತಂತಿ, ಸಣ್ಣ ಕೊಂಡಿಗಳಿಗೆ ಬ್ಯುಟೇನ್ ಲೇಸು. ತಾಮ್ರದ ಕೊಳವೆ, ಪಾತ್ರೆಗಳಿಗೆ ಅಗಲ ಜ್ವಾಲೆಯ ಪ್ರೊಪೇನ್ ಅಥವಾ ಎಲ್‌ಪಿಜಿ ಟಾರ್ಚೇ ತಕ್ಕದ್ದು.

ಇನ್ನು ಎರಡು ಎಚ್ಚರಿಕೆಗಳು. ಈ ಅನಿಲಗಳು ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ನಿಂತು ಒಂದು ಕಿಡಿಗಾಗಿ ಕಾಯುತ್ತವೆ. ಆದುದರಿಂದ ಮುಚ್ಚಿದ ಕೋಣೆ ಕೂಡದು. ಸೀಸ ಬೆರೆತ ಬೆಸುಗೆಯು ಅಡಿಗೆಯ ಪಾತ್ರೆಗೆ ಎಂದಿಗೂ ಸಲ್ಲದು. ಅದು ಮಕ್ಕಳ ಊಟದೊಳಗೆ ಸೇರುವ ವಿಷ. ಕಲಾಯಿಗೆ ಶುದ್ಧ ತವರವೇ ಆಗಬೇಕು.

ಟಾರ್ಚು ಮನೆಯೊಳಗೆ ಬರುವ ಮೊದಲೇ ಇಷ್ಟು ಲೆಕ್ಕ ಮುಗಿದಿದ್ದರೆ ಮನೆಮಂದಿಗೆ ಕ್ಷೇಮ.