ಹೊದಿಕೆಯ ಮೇಲಿಲ್ಲದ ಹೆಸರು

ಪಾಠ ಹೇಳುವವರಿಗೆ ದನಿ ಏರಿಸುವ ಚಾಳಿ ಬಲುಬೇಗ ಅಂಟಿಕೊಳ್ಳುತ್ತದೆ. ನನಗೂ ಅಂಟಿದೆ. ಅದಕ್ಕೋ ಏನೋ, ಮೆಲ್ಲನೆ ಹಾಡುವವರ ಮೇಲೆ ನನಗೆ ಒಂದು ಬಗೆಯ ಹೊಟ್ಟೆಕಿಚ್ಚು. ಬ್ರೆಜಿಲ್ ದೇಶದ ಜೊವಾವೊ ಜಿಲ್ಬರ್ಟೊ ಅಂಥವನು. ತೊಟ್ಟಿಲ ಮಗು ಎದ್ದೀತೆಂದು ಅಂಜಿ ಹಾಡಿದಂತೆ ಅವನ ಹಾಡು. ಸಾಂಬಾ ಕುಣಿತದ ಅಬ್ಬರವನ್ನು ಒಂದು ಗಿಟಾರಿನೊಳಗೆ ತಣಿಸಿಟ್ಟ ಆ ಸಂಗೀತಕ್ಕೆ ಬೊಸ್ಸ ನೋವ ಎಂದು ಹೆಸರು.

1963ರ ಮಾರ್ಚ್ 18 ಮತ್ತು 19ರಂದು ನ್ಯೂಯಾರ್ಕಿನಲ್ಲಿ ಅವನೂ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ ಗೆಟ್ಸನೂ ಕೂಡಿ ಎಂಟು ಹಾಡುಗಳನ್ನು ಧ್ವನಿಮುದ್ರಿಸಿದರು. ಅವುಗಳಲ್ಲಿ ಆರಕ್ಕೆ ರಾಗ ಕಟ್ಟಿದ್ದ ಜೊಬಿಮ್ ತಾನೇ ಪಿಯಾನೊ ಮುಂದೆ ಕುಳಿತಿದ್ದ. ಇಪನೇಮಾ ಕಡಲತೀರದ ಹುಡುಗಿಯ ಹಾಡಿಗೆ ಇಂಗ್ಲಿಷ್ ಸಾಹಿತ್ಯವೂ ಸಿದ್ಧವಾಗಿತ್ತು. ಅದನ್ನು ಹಾಡಿದವಳು ಜಿಲ್ಬರ್ಟೊನ ಮಡದಿ ಆಸ್ಟ್ರುಡ್. ವಯಸ್ಸು 22; ಹಾಡುವುದು ಆಕೆಯ ವೃತ್ತಿಯಾಗಿರಲಿಲ್ಲ. ಆ ದನಿಯಲ್ಲಿ ಬೆಡಗಿಲ್ಲ, ಬಿನ್ನಾಣವಿಲ್ಲ. ಹಿತ್ತಲಲ್ಲಿ ಬಟ್ಟೆ ಹರವುತ್ತ ತನ್ನಷ್ಟಕ್ಕೆ ಗುನುಗಿಕೊಂಡಂತಿದೆ.

1964ರಲ್ಲಿ ಆ ಒಂದು ಹಾಡನ್ನು ಬಿಡಿಯಾಗಿ ಸಣ್ಣ ತಟ್ಟೆಯಲ್ಲಿ ಹೊರತಂದಾಗ, ಉದ್ದವಾಯಿತೆಂದು ಗಂಡನ ಭಾಗಕ್ಕೆ ಕತ್ತರಿ ಬಿತ್ತು. ಹೆಂಡತಿಯ ದನಿ ಉಳಿದು ಊರೂರು ಸುತ್ತಿತು. 1965ರಲ್ಲಿ ಎಂಟು ಹಾಡಿನ ದೊಡ್ಡ ತಟ್ಟೆಗೆ ವರ್ಷದ ಶ್ರೇಷ್ಠ ಸಂಪುಟವೆಂದು ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆದರೆ ಅದರ ಹೊದಿಕೆಯ ಮುಂಬದಿಯಲ್ಲಿ ಗೆಟ್ಸ್, ಜಿಲ್ಬರ್ಟೊ, ಜೊಬಿಮ್ ಮೂವರ ಹೆಸರಿತ್ತು, ಆಸ್ಟ್ರುಡ್ ಹೆಸರಿರಲಿಲ್ಲ. ಆಕೆಯಿಂದ ಹಾಡಿಸಿದವನು ತಾನೇ ಎಂದು ಹೇಳಿಕೊಂಡವರು ಮಾತ್ರ ಆಮೇಲೆ ಒಬ್ಬರಿಗಿಂತ ಹೆಚ್ಚಾದರು.

ಕಳೆದ ಭಾನುವಾರ ಕಾಫಿಯ ಹೊತ್ತಿನಲ್ಲಿ ಈ ಅನ್ಯಾಯವನ್ನು ನನ್ನಾಕೆಗೆ, ಎಂದಿನ ಏರಿದ ದನಿಯಲ್ಲಿ, ವರ್ಣಿಸಿದೆ. ಆಕೆ ಸದ್ದಿಲ್ಲದೆ ಎದ್ದು ಕಪಾಟಿನಿಂದ ನನ್ನ ಪ್ರಬಂಧಸಂಕಲನವನ್ನು ತಂದಿಟ್ಟಳು. ಅದರ ಕರಡನ್ನು ಮೂರು ಸಲ ತಿದ್ದಿದವಳು ಆಕೆ. ಎರಡು ಪ್ರಬಂಧಗಳ ಕೊನೆ ಸರಿಯಿಲ್ಲವೆಂದು ಬೇರೆ ಬರೆಸಿದವಳೂ ಆಕೆಯೇ. ಮೆಚ್ಚಿ ಕಾಗದ ಬರೆದವರೆಲ್ಲ ಎತ್ತಿ ಹೇಳಿದ್ದು ಆ ಎರಡನ್ನೇ. ‘ಅರಿಕೆ’ಯ ಪುಟ ತೆರೆದೆ. ಪ್ರಾಂಶುಪಾಲರು, ಗ್ರಂಥಪಾಲಕರು, ಅಚ್ಚುಕೂಟದ ಹುಡುಗ, ಎಲ್ಲರಿಗೂ ವಂದನೆಗಳಿದ್ದವು.

“ಎರಡನೆಯ ಮುದ್ರಣದಲ್ಲಿ ಖಂಡಿತ ಸೇರಿಸುತ್ತೇನೆ,” ಎಂದೆ, ಈ ಸಲ ಜಿಲ್ಬರ್ಟೊನಿಗಿಂತ ಮೆಲ್ಲಗೆ.

“ಮೊದಲನೆಯದರ ಇನ್ನೂರು ಪ್ರತಿ ಅಟ್ಟದ ಮೇಲಿವೆಯಲ್ಲರೀ,” ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು.

ಈಗ ಅಟ್ಟದಿಂದ ಕಟ್ಟುಗಳನ್ನು ಇಳಿಸಿಕೊಂಡು, ಒಂದೊಂದು ಪ್ರತಿಯಲ್ಲೂ ಪೆನ್ನಿನಿಂದ ಆಕೆಯ ಹೆಸರು ಬರೆಯುತ್ತ ಕುಳಿತಿದ್ದೇನೆ. ಅರುವತ್ತು ಮುಗಿದಿವೆ.