ಶಿರಾಡಿ ಘಾಟಿಯ ದಾರಿ, ಮೂರು ಸೀಟು

ಬೆಂಗಳೂರಿನಿಂದ ಪುತ್ತೂರಿನ ನನ್ನ ತವರಿಗೆ ನಾವು ಹೋಗುವುದು ಶಿರಾಡಿ ಘಾಟಿಯ ದಾರಿಯಲ್ಲೇ. ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿ ಸಕಲೇಶಪುರದವರೆಗೆ ಸುಮಾರು 220 ಕಿ.ಮೀ. ಹೇಗೋ ಕಳೆಯುತ್ತದೆ. ದೋಣಿಗಲ್ ದಾಟಿದ ಮೇಲೆ ಶುರು ನೋಡಿ: ತಿರುವು, ಇಳಿಜಾರು, ಲಾರಿ ಸಾಲು, ಮಳೆಗಾಲದಲ್ಲಿ ಮಂಜು. ಈ ದಾರಿಯಲ್ಲಿ ಮಗಳು ಏಳು ವರ್ಷಗಳಲ್ಲಿ ಮೂರು ಬಗೆಯ ಸೀಟಿನಲ್ಲಿ ಕೂತು ಅಜ್ಜಿ ಮನೆ ಸೇರಿದ್ದಾಳೆ.

ಮೊದಲ ಸಲ ಅವಳಿಗೆ ಎಂಟು ತಿಂಗಳು. ಹಿಂದಿನ ಸೀಟಿನಲ್ಲಿ, ಕಾರಿನ ಹಿಂಬದಿಗೆ ಮುಖ ಮಾಡಿದ ಸೀಟು. ಜೊತೆಗೆ ಬಂದಿದ್ದ ಅಮ್ಮನಿಗೆ ಅದು ಹಿಡಿಸಲೇ ಇಲ್ಲ. "ಎಂತಕ್ಕೆ ಮಾರಾಯ್ತಿ ಈ ಬುಟ್ಟಿ? ನನ್ನ ಮಡಿಲಲ್ಲಿ ಕೂತ್ರೆ ಆಗುದಿಲ್ವಾ?"

ಆಗುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾದರೆ 8 ಕೆ.ಜಿ. ಮಗುವನ್ನು ಯಾವ ಅಜ್ಜಿಯ ಕೈಯೂ ಹಿಡಿದಿಡಲಾರದು. ಕೂಸಿನ ತಲೆ ಭಾರ, ಕತ್ತು ಎಳಸು. ಹಿಂದಕ್ಕೆ ಮುಖವಿದ್ದರೆ ಆ ಹೊಡೆತವನ್ನು ಸೀಟಿನ ಬೆನ್ನು ಹಂಚಿಕೊಳ್ಳುತ್ತದೆ. ಯುರೋಪಿನ ಐ-ಸೈಜ್ ನಿಯಮದಲ್ಲಿ ಕನಿಷ್ಠ 15 ತಿಂಗಳು ಹೀಗೇ ಕೂರಿಸಬೇಕು. ಸೀಟು ಹಿಡಿಸುವಷ್ಟು ದಿನ ಇನ್ನೂ ಮುಂದುವರಿಸಿದರೆ ಒಳ್ಳೆಯದು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಇದನ್ನು ಇಡಲೇಬಾರದು.

ಸಕಲೇಶಪುರದ ಚಳಿಗೆ ಅಮ್ಮ ದಪ್ಪ ಸ್ವೆಟರ್ ತೆಗೆದಳು. ಅದರ ಮೇಲೆ ಪಟ್ಟಿ ಬಿಗಿದರೆ ಒಳಗೆ ಸಡಿಲವೇ ಉಳಿಯುತ್ತದೆ. ಹಾಗಾಗಿ ಮೊದಲು ಪಟ್ಟಿ, ಆಮೇಲೆ ಮೇಲಿಂದ ಶಾಲು. ಅಷ್ಟು ಪುಟ್ಟ ಮಗುವನ್ನು ಎರಡು ತಾಸಿಗಿಂತ ಹೆಚ್ಚು ಒಂದೇ ಸಮ ಕೂರಿಸಲೂ ಬಾರದು. ಆ ನೆಪದಲ್ಲಿ ನಮಗೂ ದಾರಿಯುದ್ದಕ್ಕೂ ಕಾಫಿ!

ಎರಡನೆಯದು ಮುಂದಕ್ಕೆ ಮುಖವಿರುವ, ಐದು ಕಡೆ ಪಟ್ಟಿ ಬಿಗಿಯುವ ಸೀಟು. ಅಂಗಡಿಯವರು ಕೇಳುವುದು "ಮಗೂಗೆ ಎಷ್ಟು ವರ್ಷ ಮೇಡಂ?" ಅಂತ. ಕೇಳಬೇಕಾದ್ದು ಎತ್ತರ, ತೂಕ. ಹುಟ್ಟುಹಬ್ಬ ಬಂತೆಂದು ಸೀಟು ಬದಲಿಸಬೇಕಿಲ್ಲ, ಹಳೆಯದರ ಚೀಟಿಯಲ್ಲಿರುವ ಮಿತಿ ದಾಟಿದಾಗ ಬದಲಿಸಿದರೆ ಸಾಕು. ಕೊಳ್ಳುವ ಮುಂಚೆ ನಿಮ್ಮ ಕಾರಿನಲ್ಲೇ ಕಟ್ಟಿ ನೋಡಿ. ಘಾಟಿ ಇಳಿಯುವ ಮೊದಲು ನಮ್ಮವರು ಒಮ್ಮೆ ಸೀಟಿನ ಬುಡ ಹಿಡಿದು ಅಲ್ಲಾಡಿಸುತ್ತಾರೆ. ಒಂದಿಂಚಿಗಿಂತ ಹೆಚ್ಚು ಸರಿದರೆ ಮತ್ತೆ ಬಿಗಿಯಬೇಕು. ಭುಜದ ಮೇಲಿನ ಪಟ್ಟಿ ಬೆರಳಲ್ಲಿ ಚಿವುಟಲು ಸಿಕ್ಕಿತೋ, ಅದೂ ಸಡಿಲ.

ಈಗ ಬೂಸ್ಟರ್. ಮಗಳು 119 ಸೆಂ.ಮೀ. ಇದ್ದಾಳೆ. ಬರೀ ಕಾರಿನ ಬೆಲ್ಟ್ ಹಾಕಿದರೆ ಅದು ಕತ್ತಿಗೆ, ಹೊಟ್ಟೆಗೆ ಬರುತ್ತದೆ. ಬೂಸ್ಟರ್ ಮೇಲೆ ಕೂತರೆ ಭುಜದ ನಡುವೆ, ಕೆಳಗೆ ಸೊಂಟದ ಮೂಳೆಯ ಮೇಲೆ ಸರಿಯಾಗಿ ಕೂರುತ್ತದೆ. ಗುಂಡ್ಯ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಗ್ಯಾರಂಟಿ, ಅದಕ್ಕೇ ತಲೆಗೆ ಆಸರೆ ಇರುವ ಎತ್ತರದ ಬೆನ್ನಿನದನ್ನೇ ತಂದೆವು. ನಮ್ಮಲ್ಲೂ 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡವಿದೆ.

ಮೊನ್ನೆ ತಮ್ಮ ಫೋನ್ ಮಾಡಿ, "ಅಕ್ಕಾ, ಆ ಹಳೇ ಸೀಟು ಪಾಪುಗೆ ಕೊಡ್ತೀಯಾ?" ಎಂದ. ಅಟ್ಟದಿಂದ ಇಳಿಸಿ, ತಿರುಗಿಸಿ ತಳದಲ್ಲಿ ಅಚ್ಚಾದ ತಾರೀಕು ನೋಡಿದೆ. ಅವಧಿ ಮುಗಿದಿತ್ತು. ಹೊಸದನ್ನೇ ತಗೋ, ಪಾಪುವಿನ ತೂಕ ನೋಡಿಟ್ಟಿರು ಎಂದೆ.